ಕೂಡಿಸ್ತೀನಿ

ಮೊಳಕಾಲ್ಮೂರಿನ ಬಾಡಿಗೆ ವಠಾರದಲ್ಲಿ ನಮ್ಮ ಪಕ್ಕದ ಮನೆಯಾಕೆ ಬೆಕ್ಕು ಸಾಕಿದ್ದರು. ಹಾಳಾದ್ದು ನಮ್ಮ ಮಗ್ಗಕ್ಕೇ ಹಾರಿ ರೇಷ್ಮೆ ಎಳೆ ಹರಿಯೋದು. ನಾನು ಕೂಗಾಡಿದರೆ ಆಕೆ ಬಂದು, ಬೆರಳಿಗೆ ಬೂದಿ ಹಚ್ಚಿಕೊಂಡು ಎಳೆ ಹೊಸೆಯುತ್ತಾ, ತೆಲುಗು ಬೆರೆಸಿ, "ಪೋನೀಲೇ, ಹೋಗ್ಲಿ ಬಿಡಮ್ಮ, ಕೂಡಿಸ್ತೀನಿ" ಅನ್ನೋರು. ಬೈಗುಳ ನನ್ನ ಬಾಯಲ್ಲೇ ಉಳಿಯೋದು.

ವಠಾರದವರ ದೂರು ಕೇಳಿ ಸಾಕಾದ ಮಾಲೀಕ, "ಬೆಕ್ಕು ಬಿಡ್ರಿ, ಇಲ್ಲ ಮನೆ ಬಿಡ್ರಿ" ಅಂದ. ಆಕೆ ಮನೆ ಬಿಟ್ಟರು. ದೇವಸಮುದ್ರದ ಬಸ್ಸು ಹತ್ತುವಾಗ ಬೆಕ್ಕು ಬುಟ್ಟಿಯಿಂದ ಹಾರಿ, ಸೀದಾ ನಮ್ಮ ಮಗ್ಗಕ್ಕೆ ಬಂತು. ಹಿಂದೆಯೇ ಆಕೆ ಏದುಸಿರು ಬಿಡುತ್ತಾ ಬಂದರು. ತಮ್ಮ ಬಾಗಿಲಿಗೆ ಬಿದ್ದಿದ್ದ ಮಾಲೀಕನ ಬೀಗ ನೋಡಿದರು, ಹರಿದ ಎಳೆ ನೋಡಿದರು.

"ಪೋನೀಲೇ" ಅಂದರು. ಕೂಡಿಸ್ತೀನಿ ಅನ್ನಲಿಲ್ಲ.