ರಸ್ತೆಯಾಚೆಯ ಚೆನ್ನೆಮಣೆ

ಹಿಮ ಬೀಳುವ ದೇಶಗಳ ಚಿತ್ರ ಕಂಡರೆ ಎಲ್ಲರಿಗೂ ಅದರ ಚಂದ ಕಾಣುತ್ತದಂತೆ. ನನಗೆ ಮಾತ್ರ ಆ ಬಿಳಿ ಮಾಡುಗಳ ಕೆಳಗೆ ಮುದುಕ ಮುದುಕಿಯರು ಹೊತ್ತು ಹೇಗೆ ಕಳೆಯುತ್ತಾರೋ ಎಂಬ ಚಿಂತೆ. ಮೂಡುಬಿದಿರೆಯ ಜವಳಿ ಅಂಗಡಿಯಲ್ಲಿ ಅಂಥದ್ದೊಂದು ಕ್ಯಾಲೆಂಡರು ನೇತಾಡುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತದ್ದಕ್ಕೆ ಇವರು ಗದರಿದರು. ಹೆಂಡತಿ ಸೀರೆ ನೋಡುವುದಿಲ್ಲವೆಂದು ಗದರಿದ ಗಂಡ ಊರಲ್ಲಿ ಇವರೊಬ್ಬರೇ ಇರಬೇಕು.

ನಮಗೆ ಹಿಮ ಇಲ್ಲದಿದ್ದರೇನು, ಆಟಿ ಉಂಟಲ್ಲ! ತುಳುನಾಡಿನ ಆಷಾಢವೆನಿಸಿದ ಆಟಿ ತಿಂಗಳ ಮಳೆಗೆ ಅಂಗಳದ ಮುರಕಲ್ಲಿನ ಮೇಲೆಲ್ಲ ಹಾವಸೆ ಹಿಡಿಯುತ್ತದೆ. ಹಸಿರು ಪಾಚಿ, ನೋಡಲು ಮಖಮಲ್ಲು, ಕಾಲಿಟ್ಟರೆ ಮಂಜುಗಡ್ಡೆಯೂ ಅಷ್ಟು ಜಾರಲಿಕ್ಕಿಲ್ಲ. ಹಿಂದಿನ ವರ್ಷ ಬೀದಿಯ ಕೊನೆಯ ಮನೆಯ ಅಜ್ಜಿ ಜಾರಿ ಸೊಂಟ ಮುರಿದುಕೊಂಡದ್ದೇ ಸೈ, ಎಪ್ಪತ್ತು ದಾಟಿದವರೆಲ್ಲರಿಗೂ ಅವರವರ ಮನೆಯ ಜಗಲಿಯೇ ಜೈಲಾಯಿತು.

ಹಾಗೆ ಸೆರೆ ಸಿಕ್ಕಿದವರಲ್ಲಿ ನನ್ನ ಅತ್ತೆ ಒಬ್ಬರು, ಎದುರು ಮನೆಯ ಪದ್ಮಕ್ಕ ಇನ್ನೊಬ್ಬರು. ಪದ್ಮಕ್ಕ ಹಳೆಯ ಜೈನ ಮನೆತನದವರು; ಅವರಿಗೂ ಅತ್ತೆಗೂ ಸ್ನೇಹ ಎನ್ನಬೇಕೋ ಹಗೆ ಎನ್ನಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಬ್ಬರೂ ಮದುವೆಯಾಗಿ ಈ ಬೀದಿಗೆ ಬಂದಂದಿನಿಂದ ಆಟಿ ಬಂತೆಂದರೆ ಚೆನ್ನೆಮಣೆ ಆಡುತ್ತಿದ್ದರು. ಆಚೆ ಏಳು ಗುಳಿ, ಈಚೆ ಏಳು ಗುಳಿ, ಗುಳಿಗಳಲ್ಲಿ ಕೆಂಪು ಮಂಜೊಟ್ಟಿ ಬೀಜ. ಒಂದು ಗುಳಿಯದನ್ನು ಬಾಚಿ ಮುಂದಿನವುಗಳಿಗೆ ಹಂಚುತ್ತ ಹೋಗುವ ಆಟ; ಯಾರ ಕಡೆಯ ಗುಳಿಗಳು ಮೊದಲು ಬರಿದಾದವೋ ಅವರು ಸೋತಂತೆ. ಇದನ್ನು ಆಟಿಯಲ್ಲಿ ಮಾತ್ರ ಆಡುವುದು. ಆಟಿ ಕಳೆದು ಸೋಣ ತಿಂಗಳು ಹುಟ್ಟಿದ ಮೇಲೆ ಮಣೆ ಅಟ್ಟಕ್ಕೆ ಹೋಗಲೇಬೇಕು, ಮತ್ತೆ ಮುಟ್ಟಿದರೆ ಮನೆಗೆ ಒಳ್ಳೆಯದಲ್ಲ.

ಇಷ್ಟು ವರ್ಷಗಳಲ್ಲಿ ಅತ್ತೆ ಒಂದು ಸಲವೂ ಗೆದ್ದಿರಲಿಲ್ಲ. ಅಜ್ಜಿ ಬಿದ್ದ ಮರುವರ್ಷ ಆಟಿ ಹುಟ್ಟಿದ ದಿನವೇ ಮಣೆ ಒರೆಸುತ್ತ ಅಂದರು, "ಇನ್ನೊಂದು ಆಟಿ ನನಗೆ ಉಂಟೋ ಇಲ್ವೋ ದೇವರೇ ಬಲ್ಲ. ಒಂದೇ ಒಂದು ಸಲ ಅವಳನ್ನು ಸೋಲಿಸಬೇಕು ಮಾರಾಯ್ತಿ." ನಗುತ್ತಲೇ ಅಂದದ್ದು, ಆದರೆ ಕಣ್ಣು ನಗುತ್ತಿರಲಿಲ್ಲ.

ಹಳೆಯ ಕಾವ್ಯಗಳಲ್ಲಿ ಮಳೆಗಾಲದ ವಿರಹಕ್ಕೇನು ಬರಗಾಲವೇ? ಮೋಡ, ನವಿಲು, ನಿಟ್ಟುಸಿರು ಎಲ್ಲ ಉಂಟು. ಆದರೆ ರಸ್ತೆಯ ಆಚೆಗೊಬ್ಬಳು ಈಚೆಗೊಬ್ಬಳು ಮುದುಕಿ, ನಡುವೆ ಮಳೆ, ಇಬ್ಬರ ತೊಡೆಯ ಮೇಲೂ ಚೆನ್ನೆಮಣೆ: ಇಂಥ ವಿರಹವನ್ನು ಯಾವ ಕವಿ ಬರೆದಿದ್ದಾನೆ? ದಾಟುವ ಹಾಗಿಲ್ಲ, ಕೂಗಿದರೆ ಹಂಚಿನ ಸದ್ದಿನಲ್ಲಿ ಕೇಳುವುದಿಲ್ಲ. ಉಪಾಯ ಕಂಡುಹಿಡಿದವರು ಪದ್ಮಕ್ಕನೇ. ಇಬ್ಬರ ಮನೆಯಲ್ಲೂ ಮಣೆ ಉಂಟಲ್ಲ, ಎಷ್ಟನೆಯ ಗುಳಿಯಿಂದ ಬಾಚಿದ್ದು ಎಂದು ಬೆರಳು ಎತ್ತಿ ತೋರಿಸಿದರೆ ಮತ್ತೊಬ್ಬರು ತಮ್ಮ ಮಣೆಯಲ್ಲೂ ಅದನ್ನೇ ಆಡಿದರಾಯಿತು. ಅವರ ಸೊಸೆ ಸುಮತಿ ಬಂದು ಇದನ್ನು ಒಪ್ಪಿಸಿ ಹೋದಳು.

ಅಲ್ಲಿಂದ ನಮ್ಮ ಜಗಲಿಗೆ ಕಳೆ ಬಂತು. ಮಧ್ಯಾಹ್ನದ ಊಟವಾದರೆ ಅತ್ತೆ ಕನ್ನಡಕ ಒರೆಸಿ ಕಂಬಕ್ಕೆ ಒರಗುತ್ತಿದ್ದರು. ಪದ್ಮಕ್ಕ ಕತ್ತಲಾಗುವ ಮೊದಲೇ ಊಟಕ್ಕೆ ಏಳುವವರಾದ್ದರಿಂದ ಆಟವೂ ಬೆಳಕಿನಲ್ಲೇ ಮುಗಿಯುತ್ತಿತ್ತು. ಸೊಂಟನೋವು, ಕೆಮ್ಮು, ಸೊಸೆಯ ಸಾರಿನ ದೋಷ, ಯಾವುದೂ ಅತ್ತೆಯ ನೆನಪಿಗೆ ಬರುತ್ತಿರಲಿಲ್ಲ. ಅದಕ್ಕಿಂತ ಅಚ್ಚರಿಯೆಂದರೆ ಅವರು ಗೆಲ್ಲುತ್ತಿದ್ದರು! ಒಮ್ಮೆ ಪದ್ಮಕ್ಕ ಆಚೆಯಿಂದ ಜೋರಾಗಿ ತಲೆಯಾಡಿಸಿ ಏನೋ ಬೇಡವೆಂದಾಗ ಅತ್ತೆ, "ನೋಡು, ಹೊಟ್ಟೆಕಿಚ್ಚು" ಎಂದು ಖುಷಿಪಟ್ಟರು.

ಆಟಿ ಮುಗಿಯುತ್ತ ಬಂದ ಒಂದು ದಿನ ಸೀಯಾಳ ಕೊಡಲೆಂದು ಎದುರು ಮನೆಗೆ ಹೋದೆ. ಪದ್ಮಕ್ಕನ ಮಣೆಯತ್ತ ಬಗ್ಗಿ ನೋಡಿದೆ. ಅಲ್ಲಿ ಅತ್ತೆಯ ಕಡೆಯ ಗುಳಿಗಳು ಹೆಚ್ಚುಕಡಿಮೆ ಬರಿದು. ನಮ್ಮ ಮಣೆಯಲ್ಲಿ ಪದ್ಮಕ್ಕನ ಕಡೆ ಬರಿದಾಗುತ್ತ ಬಂದದ್ದನ್ನು ಈಗಷ್ಟೇ ನೋಡಿ ಬಂದಿದ್ದೆ. ಅಲ್ಲೇ ನಿಂತು ಅತ್ತೆಯ ಕಡೆ ತಿರುಗಿದೆ. ಅವರು ಉತ್ಸಾಹದಿಂದ ನಾಲ್ಕು ಬೆರಳು ಎತ್ತಿದರು. ನನಗೆ ಕಂಡದ್ದು ಮೂರು. ವಾತ ಹಿಡಿದ ಅವರ ಉಂಗುರದ ಬೆರಳು ನೆಟ್ಟಗಾಗದೆ ವರ್ಷಗಳೇ ಆಗಿದ್ದವು. ಇಡೀ ತಿಂಗಳು ಇಬ್ಬರೂ ಬೇರೆ ಬೇರೆ ಆಟ ಆಡಿದ್ದರು.

ರಾತ್ರಿ ಇವರಿಗೆ ಹೇಳಿದೆ. ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಕಣ್ಣೆದುರಿಗೆ ತಪ್ಪು ಲೆಕ್ಕ ಕಂಡರೆ ಅನ್ನ ಸೇರುವುದಿಲ್ಲ. "ಅಮ್ಮನಿಗೆ ಹೇಳಲೇಬೇಕು. ಎರಡು ದಿನ ಉಂಟು, ಮೊದಲಿನಿಂದ ಆಡಲಿ" ಎಂದರು. ಮೊದಲಿನಿಂದ ಆಡಿದರೆ ಅತ್ತೆ ಸೋಲುತ್ತಾರೆ, ಅದಕ್ಕೆ ಯಾವ ಗಣಿತವೂ ಬೇಡ. "ಬಾಯಿ ಬಿಟ್ಟರೆ ನಾಳೆ ನಿಮಗೆ ಕಾಪಿ ಇಲ್ಲ" ಎಂದೆ. ಮದುವೆಯಾದ ಮೇಲೆ ನಾನು ಗೆದ್ದ ಮೊದಲ ಆಟವೂ ಅದೇ.

ಆಟಿಯ ಕೊನೆಯ ಮಧ್ಯಾಹ್ನ ಅತ್ತೆ ಎರಡೂ ಕೈ ಎತ್ತಿ ಮುಗಿದರು. ಅದೇ ಹೊತ್ತಿಗೆ ಪದ್ಮಕ್ಕನೂ ಆಚೆಯಿಂದ ಮುಗಿದರು. ಗೆದ್ದವರ ನಮಸ್ಕಾರಕ್ಕೂ ಸೋತವರ ನಮಸ್ಕಾರಕ್ಕೂ ದೂರದಿಂದ ವ್ಯತ್ಯಾಸ ಎಲ್ಲಿ ಕಾಣುತ್ತದೆ?

ಸೋಣದ ಬಿಸಿಲಿಗೆ ಹಾವಸೆ ಒಣಗಿದ್ದೇ ತಡ, ಪದ್ಮಕ್ಕ ಕೋಲೂರಿಕೊಂಡು ಬಂದೇಬಿಟ್ಟರು. ನಾನು ಬಾಗಿಲ ಸಂದಿಯಲ್ಲಿ ಕಿವಿಗೊಟ್ಟು ನಿಂತೆ. ಎಲೆಅಡಿಕೆ ಆಯಿತು, ಊರ ಸುದ್ದಿ ಆಯಿತು, ಕಾಲುನೋವಿನ ಎಣ್ಣೆಯ ವಿಚಾರವೂ ಆಯಿತು. ಆಟದ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಒಬ್ಬರಿಗೊಬ್ಬರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಅವರು ಅತ್ತ ಹೋದ ಮೇಲೆ ಅತ್ತೆ ನನ್ನನ್ನು ಕರೆದರು. "ನಾನು ಆ ಮಾತೇ ತೆಗೆಯಲಿಲ್ಲ, ನೋಡಿದೆಯಾ? ಪಾಪ, ಅವಳಿಗೆ ಸೋತು ಅಭ್ಯಾಸ ಇಲ್ಲ. ಮುಖ ಎಷ್ಟು ಸಣ್ಣದಾಗಿತ್ತು!" ಅಷ್ಟಕ್ಕೇ ಬಿಡಲಿಲ್ಲ, ಹಲಸಿನ ಹಪ್ಪಳದ ದೊಡ್ಡ ಕಟ್ಟನ್ನೇ ತೆಗೆದು ಕೈಯಲ್ಲಿಟ್ಟರು. "ಕೊಟ್ಟು ಬಾ. ಬೇಸರ ಮಾಡ್ಬೇಡ, ಬರುವ ವರ್ಷ ನೋಡುವ ಅಂತ ಹೇಳು."

ಕಟ್ಟು ಹಿಡಿದು ರಸ್ತೆಗೆ ಇಳಿದೆ. ಎದುರಿನಿಂದ ಸುಮತಿ ತುಪ್ಪದ ಭರಣಿ ಅವುಚಿಕೊಂಡು ಬರುತ್ತಿದ್ದಳು.

"ಎಲ್ಲಿಗೆ?" ಎಂದೆ.

"ನಿಮ್ಮಲ್ಲಿಗೇ. ಸೋತವರಿಗೆ ಸಮಾಧಾನ ಮಾಡಿ ಬರಬೇಕಂತೆ" ಎಂದವಳು ನನ್ನ ಕೈಯ ಹಪ್ಪಳ ನೋಡಿದಳು. ಇಬ್ಬರೂ ನಗು ತಡೆಯಲಾರದೆ ರಸ್ತೆಯ ನಡುವೆಯೇ ಕೂತುಬಿಟ್ಟೆವು. ಎರಡೂ ಜಗಲಿಗಳಿಂದ ಇಬ್ಬರು ಗೆದ್ದವರು, ಈ ಸೊಸೆಯಂದಿರಿಗೆ ಏನಾಯಿತಪ್ಪ ಎಂದು ಇಣುಕಿ ನೋಡುತ್ತಿದ್ದರು.