ದೇವರ ಕೋಣೆಯ ಸಾಣೆಕಲ್ಲು

ಮೊನ್ನೆ ಗುಂಡ್ಲುಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಹೋಗಿ ‘ಸಾಣೆಕಲ್ಲು ಕೊಡಿ’ ಅಂದೆ.

‘ಯಾವ್ದು ಸಾ? ಗಂಧ ತೇಯಾದಾ, ಮಚ್ಚು ಮಸಿಯಾದಾ?’

‘ಗಡ್ಡ ಬೋಳಿಸೋ ಕತ್ತಿಗೆ.’

ಅಂಗಡಿಯವನು ನನ್ನ ಮುಖವನ್ನೇ ನೋಡಿದ. (ಟ್ರಿಮ್ಮರ್ ಆಡಿಸಿದ ಮುಖ. ಅವನಿಗೆ ಅನುಮಾನ ಬಂದದ್ದು ಸರಿಯೇ.) ‘ಅದ್ಕೆಲ್ಲ ಈಗ ಸಾಣೆ ಯಾರ್ ಇಡಿತಾರೆ ಸಾ? ಬ್ಲೇಡ್ ಹಾಕದು, ಬಿಸಾಕದು’ ಅಂದ. ಅವನಲ್ಲಿದ್ದದ್ದು ಮಚ್ಚಿನ ಒರಟು ಕಲ್ಲು. ಅದರಲ್ಲಿ ಮಸೆದ ಕತ್ತಿಯನ್ನು ಕೆನ್ನೆಗೆ ಇಡುವುದುಂಟೇ? ಬರಿಗೈಲಿ ವಾಪಸ್ ಬಂದೆ.

ಕತ್ತಿ ನನ್ನ ಅಪ್ಪನದು. ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದಷ್ಟು ದಿನ ತಾನೇ ಮಸೆದು, ತಾನೇ ಬೋಳಿಸಿಕೊಂಡು, ಆಮೇಲೆಯೇ ಯೂನಿಫಾರ್ಮ್ ಹಾಕುತ್ತಿದ್ದ. ರಿಟೈರ್ ಆದಮೇಲೆ ಕೈ ನಡುಗತೊಡಗಿತು, ಸಲೂನೇ ಗತಿಯಾಯಿತು. ಈಗ ಚಾಮರಾಜನಗರದ ನಮ್ಮ ಮನೆಯಲ್ಲಿ ಮಲಗಿದಲ್ಲೇ ಇದ್ದಾನೆ. ಡಾಕ್ಟರು ಕೈಚೆಲ್ಲಿದ್ದಾರೆ. ಸಲೂನಿನವನನ್ನು ಮನೆಗೇ ಕರೆಸಿದರೆ ಮುಖ ಆಚೆ ತಿರುಗಿಸುತ್ತಾನೆ. ಕೇಳಿದ್ದು ಒಂದೇ.

‘ಓಗಕ್ ಮುಂಚೆ ಒಂದ್ಸಲ ನನ್ ಕತ್ತೀಲೇ ಬೋಳ್ಸು ಕಣ್ಲಾ.’

ಇಷ್ಟೂ ಮಾಡಲಾಗದ ಮಗ ಯಾತಕ್ಕೆ, ನೀವೇ ಹೇಳಿ.

ಅಪ್ಪನ ಕಲ್ಲು ಮನೆಯಲ್ಲೇ ಇದೆ. ಆದರೆ ದೇವರ ಕೋಣೆಯಲ್ಲಿ! ಗಂಧದ ಕಲ್ಲು ಒಡೆದಾಗ ಅವ್ವ ಅದನ್ನೇ ತೊಳೆದು ಗಂಧ ತೇಯಲು ಇಟ್ಟುಕೊಂಡಿದ್ದಳು. ಎರಡರ ಹೆಸರೂ ಸಾಣೆಕಲ್ಲೇ ತಾನೇ? ಕೇಳಿದ್ದಕ್ಕೆ ಉರಿದುಬಿದ್ದಳು. ‘ದೇವ್ರ ಕಲ್ ಮ್ಯಾಲೆ ಗಡ್ಡದ ಕತ್ತಿ ಉಜ್ತೀಯಾ? ಬ್ಯಾಡ, ಬುಡು.’

ಆನ್‌ಲೈನ್‌ನಲ್ಲಿ ಹುಡುಕಿದರೆ ಕಲ್ಲಿಗೂ ನಂಬರು. ಸಾವಿರ ನಂಬರಿನದು ಅಲಗು ಕೂರಿಸಲು, ಎಂಟು ಸಾವಿರದ್ದು ನುಣುಪಿಗೆ. ಎರಡನ್ನೂ ತರಿಸಿದೆ. ಕತ್ತಿಯ ಬೆನ್ನು, ಅಲಗು ಎರಡೂ ಕಲ್ಲಿಗೆ ತಾಗಿಕೊಂಡೇ ಸರಿಯಬೇಕಂತೆ. ಕೈ ಮಾತು ಕೇಳಬೇಕಲ್ಲ? ಚಾಕು ಮೊಂಡಾದರೆ ಹೊಸದು, ಕತ್ತರಿ ಮೊಂಡಾದರೆ ಹೊಸದು ಅಂತ ಬದುಕಿದ ಕೈ ಇದು. ಬೆನ್ನು ಏಳುತ್ತಿತ್ತು, ಅಲಗು ಕಲ್ಲನ್ನು ಕಚ್ಚುತ್ತಿತ್ತು. ಕೊನೆಗೆ ನನ್ನ ಕೆನ್ನೆಯ ಮೇಲೇ ಪ್ರಯೋಗ ಮಾಡಿದೆ. ಕೂದಲು ಉಳಿಯಿತು, ಚರ್ಮ ಹೋಯಿತು.

ಟವೆಲಿನ ಮೇಲಿನ ರಕ್ತ ಅವ್ವನ ಕಣ್ಣಿಗೆ ಬಿತ್ತು. ದೇವರ ಕೋಣೆಗೆ ಹೋದಳು. ಕಲ್ಲು ತಂದು ನನ್ನ ಮುಂದಿಟ್ಟಳು.

‘ಮಸಿ. ದ್ಯಾವ್ರು ಏನಾರ ಅನ್ಕೊಳ್ಳಿ.’

ಅವ್ವನ ಬಾಯಲ್ಲಿ ಈ ಮಾತು! ಅಳು ಬಂದುಬಿಟ್ಟಿತು. ಕಲ್ಲನ್ನು ಬೆಳಕಿಗೆ ಹಿಡಿದು ನೋಡಿದೆ. ಇಷ್ಟು ವರ್ಷ ಗಂಧ ತೇಯ್ದು ತೇಯ್ದು ನಡುವೆ ಹಳ್ಳ ಬಿದ್ದಿದೆ. ಈ ಕತ್ತಿಗೆ ಬೇಕಾದದ್ದು ಮಟ್ಟಸವಾದ ಕಲ್ಲು. ಇದರ ಮೇಲಿಟ್ಟರೆ ಅಲಗು ಕಲ್ಲಿನ ಎರಡು ಅಂಚಿಗೆ ತಾಗುತ್ತದೆ, ನಡುವೆ ಬರೀ ಗಾಳಿ. ಆದರೂ ಮಸೆದೆ. ಅವ್ವ ನೋಡುತ್ತಾ ನಿಂತಿದ್ದಳು, ಹೇಗೆ ಹೇಳಲಿ? ಹರಿತ ಬರಲಿಲ್ಲ. ಗಂಧದ ವಾಸನೆ ಬಂತು.

ಅಪ್ಪನ ಕೆನ್ನೆಗೆ ಸೋಪು ಹಚ್ಚಿದೆ. ಅಲಗು ಇಡಲು ಧೈರ್ಯ ಬರಲಿಲ್ಲ. ಕತ್ತಿಯನ್ನು ತಿರುಗಿಸಿ ಅದರ ಬೆನ್ನನ್ನೇ ಮೆಲ್ಲಗೆ ಆಡಿಸಿದೆ. (ಮೋಸ ಅಂತ ಗೊತ್ತು. ಬೇರೇನು ಉಳಿದಿತ್ತು?)

ಅಪ್ಪ ಕಣ್ಣು ಮುಚ್ಚಿಕೊಂಡೇ ಮೂಗರಳಿಸಿದ.

‘ಏನ್ಲಾ, ಈಗ್ಲೇ ಗಂಧ ಹಚ್ತಾ ಇದ್ದೀಯಾ?’