ಸದ್ದಿಲ್ಲದ ಕೋಣೆಯಲ್ಲಿ ಸಿಕ್ಕ ಗಂಟು

ಕಿವಿ ಪರೀಕ್ಷೆ ಮಾಡುವ ಅವಳನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕಿವಿಯಕ್ಕ ಎನ್ನುತ್ತಿದ್ದರು. ದಪ್ಪ ಗೋಡೆಯ ಪುಟ್ಟ ಕೋಣೆಯೊಳಗೆ ರೋಗಿಯನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಬಾಗಿಲು ಮುಚ್ಚಿ, ಗಾಜಿನ ಈಚೆಯಿಂದ ಸಣ್ಣ ಸಣ್ಣ ಸದ್ದು ಕಳಿಸುವುದು ಅವಳ ಕೆಲಸ. ಕೇಳಿಸಿದರೆ ರೋಗಿ ಗುಂಡಿ ಒತ್ತಬೇಕು; ಅವಳ ಮುಂದೆ ದೀಪ ಹೊತ್ತಿಕೊಳ್ಳುತ್ತದೆ.

ಕೆಲವು ವರ್ಷಗಳ ಹಿಂದೆ ಅವಳ ಎಡ ಮೊಲೆಯಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿತ್ತು. ಮೊಲೆ ಉಳಿಸಿ ಗಂಟನ್ನಷ್ಟೇ ತೆಗೆದು, ರೇಡಿಯೇಷನ್ ಕೊಟ್ಟಿದ್ದರು. "ಗೆದ್ದುಬಿಟ್ಟೆ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ಆದರೆ ಸ್ನಾನ ಮಾಡುವಾಗ ಆ ಕಡೆಗೆ ಕೈ ಹೋಗುತ್ತಿರಲಿಲ್ಲ. ಮಲಗಿದ ಮಗುವನ್ನು ಎಬ್ಬಿಸಬಾರದು ಎಂಬಂತೆ ನೀರಷ್ಟೇ ಸುರಿದುಕೊಳ್ಳುತ್ತಿದ್ದಳು. ವರ್ಷದ ತಪಾಸಣೆಯನ್ನೂ ಈ ಸಲ ಮುಂದೂಡುತ್ತಾ ಬಂದಿದ್ದಳು.

ಒಂದು ಬೆಳಿಗ್ಗೆ ಮುದುಕಿಯೊಬ್ಬಳು ಒಳಗೆ ಕೂತಿದ್ದಳು. ಇವಳು ಇನ್ನೂ ಯಾವ ಸದ್ದನ್ನೂ ಕಳಿಸಿರಲಿಲ್ಲ. ದೀಪ ಹೊತ್ತಿತು. ಆರಿತು. ಮತ್ತೆ ಹೊತ್ತಿತು.

"ಏನು ಕೇಳಿಸ್ತಿದೆ ಅಜ್ಜಿ?"

"ಯಾರೋ ಗೊಣಗ್ತಿದ್ದಾರಮ್ಮ. ನೀನು ಕೂತಿರೋ ಕಡೆಯಿಂದಲೇ."

ವಯಸ್ಸಾದವರ ಕಿವಿ ಗುಂಯ್‌ಗುಡುವುದು ಹೊಸದೇನಲ್ಲ. ಆದರೂ ಅಜ್ಜಿಯನ್ನು ಹೊರಗೆ ಕೂರಿಸಿ, ಹೆಡ್‌ಫೋನ್ ಕೆಟ್ಟಿದೆಯೇ ನೋಡಲು ತಾನೇ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಹೊರಗಿನ ಸದ್ದೆಲ್ಲ ಸತ್ತಿತು. ಉಗುಳು ನುಂಗಿದ್ದು, ಎದೆ ಬಡಿದದ್ದು ಪಕ್ಕದಲ್ಲಿ ಯಾರೋ ಕೂತು ಮಾಡಿದಂತೆ ಕೇಳಿಸಿತು. ಅವಳ ಬಲಗೈ, ಅವಳನ್ನು ಕೇಳದೆ, ಎಡಗಡೆಗೆ ಹೋಯಿತು. ಹಳೆಯ ಹೊಲಿಗೆಯ ಪಕ್ಕದಲ್ಲೇ ಬೇಯದ ಕಡಲೆಕಾಳಿನಂಥದ್ದು ಬೆರಳಿಗೆ ಸಿಕ್ಕಿತು. ಒತ್ತಿದರೆ ನೋವಿಲ್ಲ. ಜರುಗಲೂ ಇಲ್ಲ.

"ಹಳೇದೇ ಮರಳಿದೆ. ಬೇರೆಲ್ಲೂ ಹರಡಿಲ್ಲ. ಈ ಸಲ ಪೂರ್ತಿ ತೆಗೀಬೇಕು" ಎಂದರು ಡಾಕ್ಟರ್, ಪರೀಕ್ಷೆಗಳೆಲ್ಲ ಮುಗಿದ ಮೇಲೆ.

ಜೊತೆಗೆ ಬಂದಿದ್ದ ನಾದಿನಿ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು. ಇವಳೇ ಸಮಾಧಾನ ಹೇಳಿದಳು: "ಖಾಲಿ ಮಾಡಿಸಿದ ಬಾಡಿಗೆದಾರ ಒಂದು ಬೀಗದ ಕೈ ಇಟ್ಕೊಂಡಿದ್ದ ಕಣೇ. ಈ ಸಲ ಮನೇನೇ ಕೆಡವಿಸ್ತೀನಿ, ಎಲ್ಲಿಗೆ ಬರ್ತಾನೋ ನೋಡೋಣ."

"ತಮಾಷೆ ಬೇಡ ಅತ್ತಿಗೆ, ಭಯ ಆಗುತ್ತೆ."

"ನಂಗೇನು ಆಗಲ್ವಾ?"

ಮೊಲೆ ತೆಗೆದರು. ಗಾಯ ಮಾಯಿತು, ಕೆಲಸಕ್ಕೂ ಮರಳಿದಳು. ಆಮೇಲಿನ ತಪಾಸಣೆಗಳಲ್ಲಿ ಒಂದನ್ನೂ ತಪ್ಪಿಸಿಲ್ಲ. ಯಾವುದರಲ್ಲೂ ಏನೂ ಕಂಡಿಲ್ಲ. ಆದರೆ ಕೆಲವು ಮಧ್ಯಾಹ್ನ ಇಲ್ಲದ ಮೊಲೆಯ ತುದಿ ತುರಿಸುತ್ತದೆ. ಹೀಗಾಗುವುದುಂಟು, ನರಗಳಿಗೆ ಹಳೆಯದು ಮರೆಯುವುದಿಲ್ಲ ಎಂದಿದ್ದಾರೆ ಡಾಕ್ಟರ್. ಕೈ ಒಯ್ದರೆ ಚಪ್ಪಟೆ ಎದೆ ಸಿಗುತ್ತದೆ. ತುರಿಕೆ ಮಾತ್ರ ಅದಕ್ಕಿಂತ ತುಸು ಮುಂದೆ, ಗಾಳಿಯಲ್ಲಿ.

"ಎಲ್ಲಿ ಅತ್ತಿಗೆ?" ಎಂದು ಒಂದು ದಿನ ನಾದಿನಿ ಕೇಳಿದಳು.

ತೋರಿಸಿದಳು. ನಾದಿನಿ ಆ ಬರಿಗಾಳಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದಳು.

"ಹೋಯ್ತಾ?"

ಹೋಗಿತ್ತು.